ಮನೆ ಎಡಿಸನ್‌ನಲ್ಲಿ, ಆಫೀಸು ಮ್ಯಾನ್‌ಹಟನ್‌ನಲ್ಲಿ: ನ್ಯೂಯಾರ್ಕ್ ಟ್ಯಾಕ್ಸ್ ಇಳಿಸಿಕೊಂಡ ನನ್ನ ಅನುಭವ

2024ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್ ರಾಜ್ಯದಿಂದ ನನ್ನ ಖಾತೆಗೆ ಏಳು ಸಾವಿರ ಡಾಲರ್ ಚಿಲ್ಲರೆ ಟ್ಯಾಕ್ಸ್ ರೀಫಂಡ್ ಬಂದು ಬಿತ್ತು. ಸ್ಕ್ರೀನ್‌ಶಾಟ್ ತೆಗೆದು ಮೊದಲು ಹಾಕಿದ್ದು ನಮ್ಮ ರೈಲು ಗೆಳೆಯರ ಗುಂಪಿಗೆ. "ನ್ಯೂಯಾರ್ಕ್ ಬಾಯಿಗೆ ಹೋದ ದುಡ್ಡು ವಾಪಸ್ ಬರಲ್ಲ ಗುರು, ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ" ಅಂತ ಮೂರು ವರ್ಷ ನಕ್ಕವರೆಲ್ಲ ಅಲ್ಲೇ ಇದ್ದರು. ಅವತ್ತು ಒಬ್ಬರೂ ನಗಲಿಲ್ಲ. ಸಂಜೆಯೊಳಗೆ ಐದು ಜನ ಫೋನ್ ಮಾಡಿದರು. ಎಲ್ಲರಿಗೂ ಬೇರೆ ಬೇರೆ ಹೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ಹಾಗೆ ನ್ಯೂಜೆರ್ಸಿಯಲ್ಲಿ ಮನೆ, ನ್ಯೂಯಾರ್ಕ್‌ನಲ್ಲಿ ಕೆಲಸ ಇರುವವರಿಗೆ ಐಟಿ-203 (ಹೊರಗಿನವರು ನ್ಯೂಯಾರ್ಕ್‌ಗೆ ಸಲ್ಲಿಸುವ ರಿಟರ್ನ್) ಏನು, ಎನ್‌ಜೆ-ಸಿಒಜೆ (ಬೇರೆ ರಾಜ್ಯಕ್ಕೆ ಕಟ್ಟಿದ್ದಕ್ಕೆ ನ್ಯೂಜೆರ್ಸಿಯಲ್ಲಿ ಕ್ರೆಡಿಟ್ ಕೇಳುವ ಫಾರಂ) ಏನು ಅಂತ ಹೇಳಬೇಕಾಗಿಲ್ಲ. ನ್ಯೂಯಾರ್ಕ್‌ಗೆ ಕಟ್ಟುತ್ತೇವೆ, ನ್ಯೂಜೆರ್ಸಿ ಅದಕ್ಕೆ ಕ್ರೆಡಿಟ್ ಕೊಡುತ್ತದೆ, ಅಂದರೆ ತನ್ನ ಟ್ಯಾಕ್ಸ್‌ನಲ್ಲಿ ಕಳೆಯುತ್ತದೆ. ಎರಡು ಕಡೆ ಪೂರ್ತಿ ಕಟ್ಟಬೇಕು ಅನ್ನೋದು ಸುಳ್ಳು. ಆದರೆ ನಮ್ಮಂಥವರ ಸಂಬಳಕ್ಕೆ ನ್ಯೂಯಾರ್ಕ್ ದರ ಜಾಸ್ತಿ, ನ್ಯೂಜೆರ್ಸಿ ದರ ಕಡಿಮೆ. ನ್ಯೂಜೆರ್ಸಿ ತನ್ನ ಲೆಕ್ಕದಲ್ಲಿ ಬರುವಷ್ಟಕ್ಕೆ ಮಾತ್ರ ಕ್ರೆಡಿಟ್ ಕೊಡುತ್ತದೆ. ಮಿಕ್ಕಿದ್ದು ಹೋಯಿತು ಅಂತಲೇ ಲೆಕ್ಕ. ನನ್ನ ಕೇಸಿನಲ್ಲಿ ಆಗ ನನ್ನೊಬ್ಬನದೇ ಸಂಬಳ, ವರ್ಷಕ್ಕೆ ಸುಮಾರು 1,80,000 ಡಾಲರ್. ನ್ಯೂಯಾರ್ಕ್‌ಗೆ 9,600ರ ಹತ್ತಿರ ಹೋಗುತ್ತಿತ್ತು. ಅದೇ ಸಂಬಳ ಪೂರ್ತಿ ನ್ಯೂಜೆರ್ಸಿಯದಾಗಿದ್ದರೆ 7,100 ಆಗುತ್ತಿತ್ತು. ವರ್ಷಕ್ಕೆ 2,500 ಡಾಲರ್ ಹಡ್ಸನ್ ನದಿಗೆ ಸುರಿದ ಹಾಗೆ. ಅದನ್ನು ಫೆಡರಲ್ (ಕೇಂದ್ರ ಸರ್ಕಾರದ) ರಿಟರ್ನ್‌ನಲ್ಲಿ ಕಳೆಯೋಣ ಅಂದರೆ ರಾಜ್ಯದ ಟ್ಯಾಕ್ಸ್, ಮನೆ ಕಂದಾಯ ಎಲ್ಲ ಸೇರಿ ಆಗಿನ ಮಿತಿ 10,000, ನಮ್ಮ ಮನೆ ಕಂದಾಯವೇ ಅಷ್ಟನ್ನೂ ತಿಂದುಹಾಕಿತ್ತು.

ಮೊದಲ ಸೋಲು 2020ರದ್ದು. ಮಾರ್ಚ್‌ನಿಂದ ಎಲ್ಲರೂ ಮನೆಯಲ್ಲೇ ಇದ್ದೆವಲ್ಲ, ಒಂಬತ್ತು ತಿಂಗಳು ಮೆಟ್ರೋಪಾರ್ಕ್ ಸ್ಟೇಷನ್ ಮುಖವನ್ನೇ ನೋಡಿರಲಿಲ್ಲ. ಸಂಬಳದಲ್ಲಿ ನ್ಯೂಯಾರ್ಕ್ ಪಾಲು ಎಷ್ಟು ಅನ್ನೋದು ಕೆಲಸದ ದಿನಗಳ ಲೆಕ್ಕದಲ್ಲಿ. ಹೋಗದ ಊರಿಗೆ ಟ್ಯಾಕ್ಸ್ ಯಾಕೆ ಅಂತ ಅಷ್ಟೂ ದಿನಗಳನ್ನು ನ್ಯೂಜೆರ್ಸಿ ದಿನ ಅಂತ ತೋರಿಸಿದೆ. ನಮ್ಮ ಸಿಪಿಎ (ಟ್ಯಾಕ್ಸ್ ನೋಡುವ ಅಕೌಂಟೆಂಟ್) "ಬೇಡ ಸರ್, ಸಿಕ್ಕಿಹಾಕಿಕೊಳ್ತೀರಿ" ಅಂದರು. ನಾನು ಕೇಳಲಿಲ್ಲ. ನ್ಯೂಯಾರ್ಕ್ ಟ್ಯಾಕ್ಸ್ ಇಲಾಖೆಯಿಂದ ಪತ್ರ ಬಂತು. ನಿಮ್ಮ ಆಫೀಸು ನ್ಯೂಯಾರ್ಕ್‌ನಲ್ಲಿದೆ, ಮನೆಯಿಂದ ಕೆಲಸ ಮಾಡಿದ್ದು ನಿಮ್ಮ ಅನುಕೂಲಕ್ಕೆ, ಹಾಗಾಗಿ ಆ ದಿನಗಳೂ ನಮ್ಮವೇ ಅನ್ನುವುದು ಅದರ ಸಾರ. ಫಾರಂನಲ್ಲೇ ಇದೆ ನೋಡಿ, ಮೊದಲು ರಾಜ್ಯದ ಹೊರಗೆ ಕೆಲಸ ಮಾಡಿದ ದಿನ ಎಷ್ಟು ಅಂತ ಕೇಳುತ್ತದೆ, ಮುಂದಿನ ಸಾಲಿನಲ್ಲೇ ಅದರಲ್ಲಿ ಮನೆಯಲ್ಲಿ ಮಾಡಿದ್ದು ಎಷ್ಟು ಅಂತ ಕೇಳಿ ಅಷ್ಟನ್ನೂ ಕಳೆಸಿಬಿಡುತ್ತದೆ. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡ ಹಾಗೆ. ಅಷ್ಟರಲ್ಲಿ ನಾನು ನ್ಯೂಜೆರ್ಸಿಗೆ ಐದು ಸಾವಿರದಷ್ಟು ಕಟ್ಟಿಯಾಗಿತ್ತು. ಅದನ್ನು ವಾಪಸ್ ಪಡೆಯೋಕೆ ತಿದ್ದಿದ ರಿಟರ್ನ್, ಅದಕ್ಕೆ ಸಿಪಿಎ ಫೀಸು ಇನ್ನೊಂದು 350.

ಈ ನಿಯಮದ ಜೊತೆ ಗುದ್ದಾಡಿದವರಲ್ಲಿ ದೊಡ್ಡ ಹೆಸರು ಪ್ರೊಫೆಸರ್ ಎಡ್ವರ್ಡ್ ಝೆಲಿನ್ಸ್ಕಿ. ಕನೆಕ್ಟಿಕಟ್‌ನಲ್ಲಿ ಮನೆ, ಮ್ಯಾನ್‌ಹಟನ್‌ನ ಕಾರ್ಡೋಜೋ ಲಾ ಸ್ಕೂಲಿನಲ್ಲಿ ಪಾಠ. ಟ್ಯಾಕ್ಸ್ ಕಾನೂನನ್ನೇ ಕಲಿಸುವ ಮನುಷ್ಯ 2003ರಲ್ಲಿ ನ್ಯೂಯಾರ್ಕ್‌ನ ಅತಿ ದೊಡ್ಡ ಕೋರ್ಟಿನಲ್ಲಿ ಸೋತರು. ಕೋವಿಡ್ ಕಾಲದ ಟ್ಯಾಕ್ಸ್ ವಿಷಯಕ್ಕೆ ಮತ್ತೆ ಹೋದರು, ಆಗಲೂ ಸೋತರು. ಅದನ್ನು ಓದಿದ ಮೇಲೆ ನನಗೆ ಸ್ವಲ್ಪ ಸಮಾಧಾನ ಆಯಿತು ಅಂದರೆ ತಪ್ಪು ತಿಳಿಯಬೇಡಿ.

ಎರಡನೇ ಸೋಲು ನೆನೆದರೆ ಈಗಲೂ ನಗು ಬರುತ್ತದೆ. ಮನೆಯನ್ನೇ ಕಂಪನಿಯ ಆಫೀಸು ಅಂತ ಸಾಬೀತು ಮಾಡಿದರೆ ಮನೆಯ ದಿನಗಳು ನ್ಯೂಯಾರ್ಕ್ ಲೆಕ್ಕಕ್ಕೆ ಬರುವುದಿಲ್ಲ. ಅದಕ್ಕೆ ನ್ಯೂಯಾರ್ಕ್ ಟ್ಯಾಕ್ಸ್ ಇಲಾಖೆಯ 2006ರ ಒಂದು ಸುತ್ತೋಲೆ ಇದೆ. ಮೊದಲ ಷರತ್ತು ಒಂದೇ ಸಾಕು, ಆದರೆ ಅದು ಆಫೀಸಿನಲ್ಲಿ ಇಲ್ಲದ ವಿಶೇಷ ಸೌಲಭ್ಯ ಮನೆಯಲ್ಲೋ ಮನೆ ಹತ್ತಿರವೋ ಇರುವವರಿಗೆ. ಕಾರು ಪರೀಕ್ಷೆ ಮಾಡುವ ಟ್ರ್ಯಾಕಿನ ಉದಾಹರಣೆ ಕೊಟ್ಟಿದ್ದಾರೆ. ಸಾಫ್ಟ್‌ವೇರ್ ಮಾಡುವ ನಾನು ಟ್ರ್ಯಾಕ್ ಎಲ್ಲಿಂದ ತರಲಿ? ಅದಿಲ್ಲದಿದ್ದರೆ ಎರಡನೇ ಪಟ್ಟಿಯಿಂದ ನಾಲ್ಕು, ಮೂರನೇ ಪಟ್ಟಿಯಿಂದ ಮೂರು ಹೊಂದಬೇಕು. ಮೂರನೇ ಪಟ್ಟಿ ಸುಲಭ. ಬೇರೆ ಫೋನ್ ಲೈನು, ಕೆಲಸಕ್ಕೆ ಅಂತಲೇ ಬಿಟ್ಟ ಜಾಗ, ವಿಸಿಟಿಂಗ್ ಕಾರ್ಡಿನಲ್ಲಿ ಮನೆ ವಿಳಾಸ, ಮನೆ ಮುಂದೆ ಬೋರ್ಡು. ನಾನು ಹುರುಪಿನಲ್ಲಿ 40 ಡಾಲರ್ ಕೊಟ್ಟು ಬೋರ್ಡು ಬರೆಸಿ ಬಾಗಿಲ ಪಕ್ಕ ಹೊಡೆದೆ. ಹೆಂಡತಿ ತರಕಾರಿ ಚೀಲ ಹಿಡಿದು ಬಂದವಳು ಅಲ್ಲೇ ನಿಂತಳು. "ಏನ್ರೀ ಇದು, ಹಲ್ಲು ಡಾಕ್ಟರ್ ಮನೆ ಥರ? ನಾಳೆ ಯಾರಾದ್ರೂ ಬಾಯಿ ತೆಕ್ಕೊಂಡು ಬಂದ್ರೆ ನೀವೇ ನೋಡಿ." ಆ ವಾರ ಇಡೀ ಬೀದಿಗೆ ಉತ್ತರ ಕೊಟ್ಟಿದ್ದೇ ಆಯಿತು.

ಕಷ್ಟ ಇದ್ದದ್ದು ಎರಡನೇ ಪಟ್ಟಿಯಲ್ಲಿ. ಮನೆಯಿಂದ ಕೆಲಸ ಮಾಡುವುದು ಕೆಲಸದ ಷರತ್ತು ಅಂತ ಕಂಪನಿ ಬರೆದುಕೊಡಬೇಕು, ಮನೆ ಆಫೀಸಿನ ಖರ್ಚು ಕೊಡಬೇಕು, ತನ್ನ ಜಾಗದಲ್ಲಿ ನನಗೆ ಡೆಸ್ಕ್ ಇಡಬಾರದು, ಇಂಥವು. ನನ್ನ ಡೆಸ್ಕ್ ಮಿಡ್‌ಟೌನ್‌ನ ಹದಿನೇಳನೇ ಮಹಡಿಯಲ್ಲಿ ಹೆಸರಿನ ಸಮೇತ ಇತ್ತು, ಮೇಲೊಂದು ಒಣಗಿದ ಗಿಡ. ನಾಲ್ಕರಲ್ಲಿ ಎರಡು ದಾಟಲಿಲ್ಲ. ಬೋರ್ಡು ಗ್ಯಾರೇಜಿಗೆ ಹೋಯಿತು.

ಅದೇ ವರ್ಷ ಇನ್ನೊಂದು ಪ್ರಯೋಗವನ್ನೂ ಮಾಡಿದ್ದೆ. 2021ರ ಡಿಸೆಂಬರ್‌ನಲ್ಲಿ ಮೈಸೂರಿಗೆ ಹೋಗಿ ಅಮ್ಮನ ಮನೆಯಿಂದ ಮೂರು ವಾರ ಕೆಲಸ. ಇದಾದರೂ ನ್ಯೂಯಾರ್ಕ್ ದಿನ ಆಗಲ್ಲ ಅಂದುಕೊಂಡೆ. ಆಗುತ್ತದೆ. ಹೋಗಿದ್ದು ನನ್ನ ಅನುಕೂಲಕ್ಕೆ ತಾನೇ? ಕುವೆಂಪುನಗರದಲ್ಲಿ ರಾತ್ರಿ ಎರಡು ಗಂಟೆಗೆ ಅಮ್ಮ ಮಾಡಿಟ್ಟ ಫ್ಲಾಸ್ಕ್ ಕಾಫಿ ಕುಡಿಯುತ್ತಾ ಕೂತ ದಿನಗಳಿಗೂ ನ್ಯೂಯಾರ್ಕ್‌ಗೆ ಟ್ಯಾಕ್ಸ್ ಕಟ್ಟಿದ್ದೇನೆ. ಕಂಪನಿಯೇ ಕೆಲಸದ ಮೇಲೆ ಬೆಂಗಳೂರು ಆಫೀಸಿಗೆ ಕಳಿಸಿದರೆ ಆ ಮಾತೇ ಬೇರೆ. ಆ ದಿನಗಳು ಹೊರಗಿನ ದಿನಗಳು. ಇದನ್ನು ಮುಂದೆ ಬಳಸಿಕೊಂಡೆ.

ಕೊನೆಗೆ ಹೊಳೆದದ್ದು ತೀರಾ ಸರಳ. ಮನೆಯ ದಿನ ನ್ಯೂಯಾರ್ಕ್‌ಗೆ ಯಾಕೆ ಹೋಗುತ್ತದೆ? ನನ್ನ ಮುಖ್ಯ ಆಫೀಸು ನ್ಯೂಯಾರ್ಕ್‌ನಲ್ಲಿದೆ ಅಂತ. ಆ ಮುಖ್ಯ ಆಫೀಸೇ ನ್ಯೂಜೆರ್ಸಿಗೆ ಬಂದುಬಿಟ್ಟರೆ? ನಮ್ಮ ಕಂಪನಿಗೆ ಜೆರ್ಸಿ ಸಿಟಿಯಲ್ಲಿ, ಎಕ್ಸ್‌ಚೇಂಜ್ ಪ್ಲೇಸ್ ಹತ್ತಿರ ಒಂದು ಸಣ್ಣ ಆಫೀಸು ಇತ್ತು. ಅರ್ಧ ಖಾಲಿ. ಕಿಟಕಿಯಿಂದ ನೋಡಿದರೆ ಎದುರಿಗೇ ಮ್ಯಾನ್‌ಹಟನ್‌ನ ವರ್ಲ್ಡ್ ಟ್ರೇಡ್ ಸೆಂಟರ್, ನದಿಯಡಿ ಹೋಗುವ ಪಾಥ್ ರೈಲಿನಲ್ಲಿ ಒಂದೇ ಸ್ಟಾಪು. ಆ ಒಂದು ಸ್ಟಾಪಿನ ನೀರಿನ ಮಧ್ಯೆ ರಾಜ್ಯದ ಗಡಿ.

ಮ್ಯಾನೇಜರ್ ಒಪ್ಪಲು ಎರಡು ತಿಂಗಳು, ಎಚ್‌ಆರ್ ಒಪ್ಪಲು ಐದು ತಿಂಗಳು. ಟ್ಯಾಕ್ಸ್ ಉಳಿಸೋಕೆ ಅಂತ ಕೇಳಿದರೆ ಕೆಲಸ ಕೆಡುತ್ತದೆ, ಕಂಪನಿಗೆ ಏನು ಲಾಭ ಅಂತ ಬರೆಯಬೇಕು. ನನ್ನ ಪತ್ರದಲ್ಲಿ ಮೂರು ಪ್ಯಾರಾ ಇತ್ತು. ಎರಡನೇ ಪ್ಯಾರಾವೇ ಕೆಲಸ ಮಾಡಿದ್ದು. ಅದರಲ್ಲಿ ಏನಿತ್ತು ಅಂತ ಇಲ್ಲಿ ಹಾಕುವುದಿಲ್ಲ, ನಾಳೆ ನಮ್ಮ ಎಚ್‌ಆರ್ ಟೇಬಲ್ ಮೇಲೆ ಅದೇ ಪ್ಯಾರಾ ಹತ್ತು ಸಲ ಬಂದರೆ ನನ್ನ ಗತಿ ಏನು? ಒಂದಂತೂ ಹೇಳುತ್ತೇನೆ. ಕಾಗದದ ಮೇಲೆ ಮಾತ್ರ ಬದಲಾಯಿಸಿ ದಿನಾ ಮ್ಯಾನ್‌ಹಟನ್‌ಗೆ ಹೋಗುವವರು ಇದಕ್ಕೆ ಕೈಹಾಕಬೇಡಿ. ನಾನು ನಿಜವಾಗಿ ಜೆರ್ಸಿ ಸಿಟಿಗೆ ಹೋಗಿ ಕೂತೆ. ಒಣಗಿದ ಗಿಡವನ್ನೂ ತಂದೆ.

2022 ಅರ್ಧ ಹಳೆ ಆಫೀಸು, ಅರ್ಧ ಹೊಸದು, ಕಲಸುಮೇಲೋಗರ. ಅದನ್ನು ಬಿಡಿ. 2023 ಪೂರ್ತಿ ವರ್ಷ ಕೈಗೆ ಸಿಕ್ಕಿತು. ಜನವರಿ ಒಂದರಿಂದ ಎಕ್ಸೆಲ್ ಶೀಟ್ ಇಟ್ಟೆ. ದಿನಕ್ಕೊಂದು ಸಾಲು, ಎಲ್ಲಿ ಕೂತೆ, ಯಾವ ರೈಲು, ಯಾವ ಮೀಟಿಂಗು. ಸಾಕ್ಷಿಗೆ ಎರಡೂ ಕಟ್ಟಡದ ಬ್ಯಾಡ್ಜ್ ದಾಖಲೆ, ಮೊಬೈಲ್ ಟಿಕೆಟ್ಟಿನ ಹಿಸ್ಟರಿ, ಕ್ಯಾಲೆಂಡರ್, ಕಂಪನಿಯ ಪತ್ರ. ಬ್ಯಾಡ್ಜ್ ದಾಖಲೆ ಕೇಳಿದರೆ ಯಾರೂ ಸುಲಭಕ್ಕೆ ಕೊಡುವುದಿಲ್ಲ. ನನಗೆ ಹೇಗೆ ಸಿಕ್ಕಿತು ಅನ್ನೋದು ಎದುರಿಗೆ ಸಿಕ್ಕಾಗ ಕಾಫಿ ಕುಡಿಸಿದರೆ ಹೇಳುತ್ತೇನೆ.

ಆ ದಾಖಲೆಯನ್ನು ನನ್ನ ಶೀಟಿನ ಪಕ್ಕ ಇಟ್ಟು ಹೋಲಿಸಿದಾಗ ಎದೆ ಧಸಕ್ಕೆಂದಿತು. ಶೀಟಿನಲ್ಲಿ ಮ್ಯಾನ್‌ಹಟನ್ 58 ದಿನ, ಬ್ಯಾಡ್ಜ್ ಪ್ರಕಾರ 61. ಮೂರು ದಿನ ಎಲ್ಲಿಂದ ಬಂತು? ಒಂದು ದಿನ ಮರೆತ ಚಾರ್ಜರ್ ತರಲು ಹೋಗಿ ಅಲ್ಲೇ ಕೂತುಬಿಟ್ಟಿದ್ದೆ. ಇನ್ನೊಂದು ದಿನ ಸಹೋದ್ಯೋಗಿಯ ಬೀಳ್ಕೊಡುಗೆ ಊಟ. ಮೂರನೆಯದು ಇವತ್ತಿಗೂ ನೆನಪಿಲ್ಲ. ಮೂರನ್ನೂ ನ್ಯೂಯಾರ್ಕ್‌ಗೇ ಬರೆದೆ. ಅವರು ಹಿಡಿಯುವ ಮೊದಲು ನಾವೇ ಹಿಡಿಯಬೇಕು.

ಒಟ್ಟು ಕೆಲಸದ ದಿನ 232ರ ಆಸುಪಾಸು. ಮ್ಯಾನ್‌ಹಟನ್ 61, ಜೆರ್ಸಿ ಸಿಟಿ ತೊಂಬತ್ತು ಚಿಲ್ಲರೆ, ಮನೆ ಎಪ್ಪತ್ತು, ಕಂಪನಿ ಕಳಿಸಿದ ಬೆಂಗಳೂರು ಹತ್ತು. ಅಂದರೆ ನ್ಯೂಯಾರ್ಕ್ ಪಾಲು ನಾಲ್ಕನೇ ಒಂದಕ್ಕಿಂತ ಚೂರು ಹೆಚ್ಚು. 2024ರ ಮಾರ್ಚ್‌ನಲ್ಲಿ ಫೈಲ್ ಮಾಡಿದೆ, ಸಿಪಿಎ ಇಲ್ಲದೆ. 450 ಉಳಿಯಿತು, ಸಾಫ್ಟ್‌ವೇರಿಗೆ 130 ಹೋಯಿತು.

ಇಲ್ಲಿ ನಾನು ಯೋಚಿಸದೇ ಇದ್ದ ಪೆಟ್ಟು ಬಿತ್ತು. ಐಟಿ-2104.1 ಅನ್ನೋ ಫಾರಂ ಕಂಪನಿಗೆ ಕೊಟ್ಟಿದ್ದರೆ ಸಂಬಳದಲ್ಲಿ ಹಿಡಿಯುವಾಗಲೇ ನ್ಯೂಯಾರ್ಕ್ ಪಾಲು ಕಡಿಮೆ ಆಗುತ್ತಿತ್ತು. ಆಫೀಸು ಬದಲಾದ ಖುಷಿಯಲ್ಲಿ ಅದನ್ನು ಕೊಡಲು ಮರೆತೆ. ವರ್ಷವಿಡೀ ಪೂರ್ತಿ ನ್ಯೂಯಾರ್ಕ್‌ಗೇ ಹಿಡಿದರು. ಹಾಗಾಗಿ ನ್ಯೂಯಾರ್ಕ್‌ನಿಂದ 7,100 ವಾಪಸ್ ಬರಬೇಕು, ನ್ಯೂಜೆರ್ಸಿಗೆ 5,200 ಕಟ್ಟಬೇಕು. ಕಟ್ಟಲು ಗಡುವು ಏಪ್ರಿಲ್ 15. ವಾಪಸ್ ಬರುವುದಕ್ಕೆ ಗಡುವು ಇಲ್ಲ. ಮಗಳ ಬೇಸಿಗೆ ಕ್ಯಾಂಪಿಗೆ ಎತ್ತಿಟ್ಟಿದ್ದ ದುಡ್ಡು ನ್ಯೂಜೆರ್ಸಿಯ ರಾಜಧಾನಿ ಟ್ರೆಂಟನ್‌ಗೆ ಹೋಯಿತು. ಆರು ತಿಂಗಳು ಮನೆಯಲ್ಲಿ ಈ ವಿಷಯ ಎತ್ತುವಂತಿರಲಿಲ್ಲ.

ಮೇ ತಿಂಗಳಲ್ಲಿ ಪತ್ರ ಬಂತು, ಬಂದೇ ಬರುತ್ತದೆ. ಡಬ್ಲ್ಯೂ-2ನಲ್ಲಿ (ಕಂಪನಿ ಕೊಡುವ ವರ್ಷದ ಸಂಬಳದ ಪತ್ರ) ನ್ಯೂಯಾರ್ಕ್ ಎದುರು ಪೂರ್ತಿ ಸಂಬಳವೇ ಇರುತ್ತದೆ, ಅಲ್ಲಿಯ ನಿಯಮವೇ ಹಾಗೆ. ನಾವು ಕಾಲು ಭಾಗ ಮಾತ್ರ ನಿಮ್ಮದು ಅಂದರೆ ಕೇಳದೆ ಬಿಡುತ್ತಾರಾ? ಹೆದರಿ ಒಪ್ಪಿಕೊಂಡು ದುಡ್ಡು ಬಿಡುವವರೇ ಜಾಸ್ತಿ, ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ. ನಾನು ಮೊದಲೇ ದಾಖಲೆಗಳ ಕಟ್ಟು ಮಾಡಿಟ್ಟಿದ್ದೆ, ಸುಮಾರು ನಲವತ್ತು ಪುಟ. ಮೊದಲ ಪುಟದಲ್ಲಿ ವಾದ ಇಲ್ಲ, ದಿನಗಳ ಪಟ್ಟಿ ಮತ್ತು ಕಂಪನಿಯ ಪತ್ರದಲ್ಲಿನ ಆಫೀಸು ಬದಲಾದ ತಾರೀಕು ಮಾತ್ರ. ಆಗಸ್ಟ್‌ನಲ್ಲಿ ಇನ್ನೊಂದು ಸಣ್ಣ ಪ್ರಶ್ನೆ ಬಂತು, ಬೆಂಗಳೂರಿನ ಹತ್ತು ದಿನದ ಬಗ್ಗೆ. ಪ್ರಯಾಣದ ಅನುಮತಿ ಇಮೇಲ್ ಕಳಿಸಿದೆ. ಅಕ್ಟೋಬರ್‌ನಲ್ಲಿ ಪೂರ್ತಿ ಬಂತು, ಒಂದು ಡಾಲರೂ ಮುರಿಯದೆ.

ಹಾಗಂತ ಏಳು ಸಾವಿರ ಉಳಿಯಿತು ಅಂತ ಕುಣಿಯಬೇಡಿ. ನಿಜವಾಗಿ ಉಳಿದದ್ದು ನ್ಯೂಜೆರ್ಸಿಯದು ಕಳೆದು 1,900ರ ಹತ್ತಿರ. ಸ್ಕ್ರೀನ್‌ಶಾಟ್ ಹಾಕಿದಾಗ ಈ ಸಂಖ್ಯೆ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಫೋನ್ ಮಾಡಿದ ಐವರಲ್ಲಿ ಒಬ್ಬ ಹುಡುಗನ ಕೇಸು ಬೇರೆ. ಕ್ವೀನ್ಸ್‌ನಲ್ಲಿದ್ದವನು ನ್ಯೂಯಾರ್ಕ್ ಸಿಟಿ ಟ್ಯಾಕ್ಸ್ ಉಳಿಸಲು ನ್ಯೂಜೆರ್ಸಿಯ ಹೋಬೋಕನ್‌ಗೆ ಬಂದ. ಸಿಟಿಯದೇ ಸಂಬಳದ ಮೂರು, ಮೂರೂವರೆ ಪರ್ಸೆಂಟ್ ಆಗುತ್ತದೆ, ಹೊರಗಿದ್ದು ಕೆಲಸಕ್ಕೆ ಬರುವವರಿಗೆ ಅದು ಇಲ್ಲ. ಉಪಾಯ ಸರಿಯೇ. ಆದರೆ ವಾರಾಂತ್ಯಕ್ಕೆ ಇರಲಿ ಅಂತ ಹಳೇ ಫ್ಲ್ಯಾಟ್ ಬಿಡಲಿಲ್ಲ. ಅಲ್ಲಿ ಹತ್ತು ತಿಂಗಳಿಗಿಂತ ಹೆಚ್ಚು ಮನೆ ಇದ್ದು, 183 ದಿನ ದಾಟಿದರೆ ಅಲ್ಲಿಯ ನಿವಾಸಿ ಅಂತಲೇ ಲೆಕ್ಕ. ದಿನದ ಒಂದು ಚೂರು ಕಾಲಿಟ್ಟರೂ ಒಂದು ದಿನ. ದಿನಾ ಆಫೀಸಿಗೆ ಹೋಗುವವನಿಗೆ 183 ದಾಟಲು ಎಷ್ಟು ಹೊತ್ತು? ಎರಡೂ ರಾಜ್ಯಕ್ಕೆ ನಿವಾಸಿ ಆಗಿ ಕೂತಿದ್ದಾನೆ. ಮೊದಲು ಫ್ಲ್ಯಾಟ್ ಖಾಲಿ ಮಾಡು ಮಾರಾಯ ಅಂದೆ.

ಪೆನ್ಸಿಲ್ವೇನಿಯಾದಿಂದ ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ಗೆ ಕೆಲಸಕ್ಕೆ ಬರುವ ಗೆಳೆಯರೊಬ್ಬರಿಗೆ ಇದ್ಯಾವುದೂ ಬೇಕಿಲ್ಲ. ಆ ಎರಡು ರಾಜ್ಯಗಳ ಮಧ್ಯೆ ಹಳೆಯ ಒಪ್ಪಂದ ಇದೆ, ಸಂಬಳಕ್ಕೆ ಟ್ಯಾಕ್ಸ್ ಮನೆ ಇರುವ ರಾಜ್ಯಕ್ಕೆ ಮಾತ್ರ. ಒಂದು ಫಾರಂ ಕೊಟ್ಟರು, ಮುಗಿಯಿತು. 2016ರಲ್ಲಿ ಆಗಿನ ನ್ಯೂಜೆರ್ಸಿ ಗವರ್ನರ್ ಕ್ರಿಸ್ಟಿ ಅದನ್ನು ರದ್ದು ಮಾಡುತ್ತೇನೆ ಅಂದು ಕೊನೆಗೆ ಕೈಬಿಟ್ಟಿದ್ದರು, ಆಗ ಒಂದೆರಡು ತಿಂಗಳು ಅವರಿಗೂ ನಿದ್ದೆ ಇರಲಿಲ್ಲ. ಈಗ ನಮ್ಮ ಎಕ್ಸೆಲ್ ಶೀಟು ನೋಡಿ ನಗುತ್ತಾರೆ.

ಹೊಸ ಮ್ಯಾನೇಜರ್ ಬಂದಿದ್ದಾರೆ, ಅವರಿಗೆ ಮಿಡ್‌ಟೌನ್ ಮೇಲೆ ಪ್ರೀತಿ. ಈ ವರ್ಷ ಮೇ ಮುಗಿಯುವಷ್ಟರಲ್ಲೇ ಶೀಟಿನಲ್ಲಿ ಮ್ಯಾನ್‌ಹಟನ್ 41 ಆಗಿದೆ. ಗುರುವಾರದ ಮೀಟಿಂಗನ್ನು ಎಕ್ಸ್‌ಚೇಂಜ್ ಪ್ಲೇಸಿಗೆ ತರಲು ಆಗುತ್ತಾ ಅಂತ ನೋಡುತ್ತಿದ್ದೇನೆ. ಅಲ್ಲಿಯ ಕಾನ್ಫರೆನ್ಸ್ ರೂಮಿನಿಂದ ನದಿ ಚೆನ್ನಾಗಿ ಕಾಣುತ್ತದೆ ಅಂತ ಈಗಾಗಲೇ ಎರಡು ಸಲ ಹೇಳಿಯಾಗಿದೆ.