ಶಿರಸಿಯ ಗದ್ದೆಬಯಲಿನಿಂದ ವಿಶ್ವದ ಬಲೆಯ ಗಂಟು ನೋಡುವ ಬಗೆ

ಗೆಲಾಕ್ಸಿಗಳು ವಿಶ್ವದಲ್ಲಿ ಹರಡಿಟ್ಟ ಬಲೆಯ ಹಾಗೆ ಹಬ್ಬಿವೆ. ಎಳೆಗಳುದ್ದಕ್ಕೂ ಸಾಲು, ಎಳೆ ಸೇರುವ ಗಂಟಿನಲ್ಲಿ ದಟ್ಟಣೆ, ಬಲೆಯ ಕಣ್ಣುಗಳು ಬಹುಪಾಲು ಖಾಲಿ. ನಮಗೆ ಹತ್ತಿರದ ದೊಡ್ಡ ಗಂಟು ಕನ್ಯಾ ಗುಚ್ಛ ಎಂಬ ಗೆಲಾಕ್ಸಿಗಳ ಗುಂಪು, ಸುಮಾರು 5.4 ಕೋಟಿ ಜ್ಯೋತಿರ್ವರ್ಷ ದೂರ. ಗಂಟಿನ ಒಳಗಿನ ಗೆಲಾಕ್ಸಿ ಅಂಚಿನದಕ್ಕಿಂತ ಹೇಗೆ ಬೇರೆ ಎಂಬುದನ್ನು 8 ಇಂಚಿನ ಡಾಬ್ಸೋನಿಯನ್ (ಕೈಯಿಂದ ತಿರುಗಿಸುವ ಸರಳ ಪೀಠದ) ಟೆಲಿಸ್ಕೋಪಿನಲ್ಲಿ ಒಂದೇ ರಾತ್ರಿ ನೋಡಬಹುದು.

ಮಾರ್ಚ್ ಕೊನೆ ಅಥವಾ ಏಪ್ರಿಲ್, ಅಮಾವಾಸ್ಯೆಯ ಆಚೀಚೆ. ಮೇ ಬಂತೆಂದರೆ ಗುಡುಗುಮೋಡ, ಜೂನ್ ಮಾತೇ ಬೇಡ. ಕಾರವಾರದ ದಂಡೆಗಿಂತ ಘಟ್ಟದ ಮೇಲಿನ ಶಿರಸಿಯೇ ಮೇಲು. ಕರಾವಳಿಯ ತೇವದ ಗಾಳಿ ಊರಿನ ಬೆಳಕನ್ನೆಲ್ಲ ಆಕಾಶಕ್ಕೆ ಬಳಿದುಬಿಡುತ್ತದೆ. ಸುತ್ತ ಅಡಿಕೆ ಮರಗಳಿದ್ದರೂ ಅಡ್ಡಿಯಿಲ್ಲ, ಗುಚ್ಛ ಹಾಯುವುದು ನೆತ್ತಿಯ ಮೇಲೆ. ತೊಂದರೆಯೂ ಅದರಿಂದಲೇ: ನೆತ್ತಿಗೆ ನೆಟ್ಟ ಡಾಬ್ಸೋನಿಯನ್ ಎಡಬಲಕ್ಕೆ ಸುಲಭವಾಗಿ ತಿರುಗುವುದಿಲ್ಲ. ಏಪ್ರಿಲ್ ಮಧ್ಯದಲ್ಲಿ ಗುಚ್ಛ ನೆತ್ತಿಗೇರುವುದು ರಾತ್ರಿ 11:30ರ ಸುಮಾರಿಗೆ. 9ಕ್ಕೆ ಶುರುಮಾಡಿ 10:45ರೊಳಗೆ ಮುಗಿಸಿ.

ಟೆಲಿಸ್ಕೋಪಿನ 1200 ಮಿ.ಮೀ. ಸಂಗಮ ದೂರಕ್ಕೆ 25 ಮಿ.ಮೀ. ಐಪೀಸ್ (ಕಣ್ಣಿಡುವ ಮಸೂರ) ಹಾಕಿದರೆ ನೋಟ 48 ಪಟ್ಟು ಹಿಗ್ಗುತ್ತದೆ. ಮೊದಲು ಅಂಚು. ಸಿಂಹ ರಾಶಿಯ ಬಾಲದ ಉತ್ತರೆ (ಡೆನೆಬೋಲಾ) ನಕ್ಷತ್ರದಿಂದ ಪೂರ್ವಕ್ಕೆ 6.5 ಡಿಗ್ರಿ ಸರಿದರೆ '6 ಕೋಮೆ' ಎಂಬ ಮಂಕು ತಾರೆ. ಅದರ ಪಶ್ಚಿಮಕ್ಕೆ ಅರ್ಧ ಡಿಗ್ರಿಯಲ್ಲಿ ಎಂ98 (ಎಂ ಎಂದರೆ ಮೆಸ್ಸಿಯೆ ಪಟ್ಟಿಯ ಸಂಖ್ಯೆ), ಉದ್ದ ಗೀರಿನಂತೆ. ಆಗ್ನೇಯಕ್ಕೆ ಮುಕ್ಕಾಲು ಡಿಗ್ರಿಗಿಂತ ತುಸು ಆಚೆ ಎಂ99, ದುಂಡನೆಯ ಮಸುಕು. ಎರಡೂ ಸುರುಳಿ ಗೆಲಾಕ್ಸಿಗಳು. ದಿಟ್ಟಿಸಿದರೆ ಮಾಯವಾಗುತ್ತವೆ, ಓರೆಗಣ್ಣಿನಲ್ಲಿ ನೋಡಿ. ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಬೇಕು. ನಡುವೆ ಮೊಬೈಲ್ ತೆಗೆದರೆ ಮತ್ತೆ ಮೊದಲಿನಿಂದ.

ಈಗ ಗಂಟು. ಉತ್ತರೆಗೂ ಕನ್ಯಾ ರಾಶಿಯ ವಿಂಡೆಮಿಯಾಟ್ರಿಕ್ಸ್ ತಾರೆಗೂ ನಟ್ಟನಡುವೆ ನಿಲ್ಲಿಸಿದರೆ ಎಂ84, ಎಂ86 ಒಂದೇ ನೋಟಕ್ಕೆ ಸಿಗುತ್ತವೆ. ಅಲ್ಲಿಂದ ಒಂದೂಕಾಲು ಡಿಗ್ರಿ ಆಗ್ನೇಯಕ್ಕೆ ಎಂ87. ಈ ಮೂರರಲ್ಲೂ ಸುರುಳಿಯಿಲ್ಲ. 10 ಮಿ.ಮೀ. ಐಪೀಸಿನಲ್ಲಿ ನಡು ಪ್ರಕಾಶ, ಅಂಚಿನತ್ತ ನುಣ್ಣಗೆ ಕರಗುವ ಬೆಳಕು, ಮಂಜಿನಲ್ಲಿಟ್ಟ ದೀಪದ ಹಾಗೆ.

ಗಂಟಿನಲ್ಲಿ ಕೋಟಿಗಟ್ಟಲೆ ಡಿಗ್ರಿ ಬಿಸಿಯ ವಿರಳ ಅನಿಲವಿದೆ. ಒಳಗೆ ನುಗ್ಗುವ ಸುರುಳಿಯ ಹೈಡ್ರೋಜನ್ನನ್ನು ಅದು ಎದುರುಗಾಳಿಯಂತೆ ಕಿತ್ತುಹಾಕುತ್ತದೆ. ಹೈಡ್ರೋಜನ್ ಹೋದರೆ ಹೊಸ ತಾರೆ ಹುಟ್ಟದು. ನೀಲಿ ತಾರೆಗಳು ಬೇಗ ಮುಗಿದು ಕೆಂಪು ಉಳಿಯುತ್ತದೆ. ಕೆಲವು ಗೆಲಾಕ್ಸಿಗಳು ಗಂಟು ಮುಟ್ಟುವ ಮೊದಲೇ, ಎಳೆಯಲ್ಲಿರುವಾಗಲೇ ಸೊರಗತೊಡಗುತ್ತವೆ. ಎಂ87ರ ಈಶಾನ್ಯದ ಎಂ90ಯಲ್ಲಿ ಸುರುಳಿ ಉಳಿದಿದೆ, ಹೊರಗಿನ ಅನಿಲ ಹೋಗಿದೆ. ಈ ಬಣ್ಣಗಳು ಐಪೀಸಿನಲ್ಲಿ ಕಾಣವು, ಫೋಟೋ ಬೇಕು.

ಇಷ್ಟು ನೋಡಿ ನಿಯಮ ಹೇಳಬೇಡಿ. ಖಗೋಳ ವಿಜ್ಞಾನಿ ಅಲನ್ ಡ್ರೆಸ್ಲರ್ 1980ರಲ್ಲಿ 55 ಗುಚ್ಛಗಳನ್ನು ಎಣಿಸಿದ ಮೇಲೇ ದಟ್ಟಣೆ ಏರಿದಂತೆ ಸುರುಳಿಗಳ ಪಾಲು ಇಳಿಯುತ್ತದೆ ಎಂದದ್ದು. ಗೆಲಾಕ್ಸಿಯ ದ್ರವ್ಯರಾಶಿಯ ಪಾಲೂ ಇದರಲ್ಲಿದೆ.

10 ಗಂಟೆಗೆ ಎಲ್ಲವೂ ಮಸುಕಾದರೆ ಐಪೀಸಿಗೆ ಇಬ್ಬನಿ ಹಿಡಿದಿದೆ. ಬಟ್ಟೆಯಲ್ಲಿ ಉಜ್ಜಬೇಡಿ, ಎರಡೂ ಐಪೀಸುಗಳನ್ನು ಸರದಿಯಂತೆ ಜೇಬಿನಲ್ಲಿ ಬೆಚ್ಚಗಿಡಿ.