ಸಿಂಗಪುರದಿಂದ ಕ್ರೂಸ್: ಹಿಂದಿನ ರಾತ್ರಿಗೆ ಹೋಟೆಲ್ ಆರಿಸುವುದು ಹೇಗೆ?

ಬೆಂಗಳೂರಿನಿಂದ ಸಿಂಗಪುರಕ್ಕೆ ಹೋಗಿ, ಅಲ್ಲಿಂದ ಪೆನಾಂಗ್, ಫುಕೆಟ್ ಕಡೆಗೆ ಮೂರು-ನಾಲ್ಕು ರಾತ್ರಿಯ ಕ್ರೂಸ್ ಹತ್ತುವವರು ಮೊದಲು ಹಡಗಿನ ಕ್ಯಾಬಿನ್ ನೋಡುತ್ತಾರೆ, ಆಮೇಲೆ ವಿಮಾನದ ಟಿಕೆಟ್. ಹೋಟೆಲ್ ಸರದಿ ಬರುವುದು ಕೊನೆಗೆ. ‘ಬಂದರಿನ ಹತ್ತಿರ’ ಅಂತ ಹುಡುಕಿ, ಮ್ಯಾಪಿನಲ್ಲಿ ಪಕ್ಕದಲ್ಲೇ ಇದೆ ಅನ್ನಿಸಿದ್ದನ್ನು ಬುಕ್ ಮಾಡಿ ಕೈತೊಳೆದುಕೊಳ್ಳುತ್ತಾರೆ. ಎಡವುವುದು ಅಲ್ಲೇ. ಸಿಂಗಪುರದಲ್ಲಿ ಕ್ರೂಸ್ ಹಡಗು ನಿಲ್ಲುವ ಟರ್ಮಿನಲ್ ಎರಡಿವೆ. ನಿಮ್ಮ ಹಡಗು ಯಾವುದರಲ್ಲಿ ನಿಲ್ಲುತ್ತದೆ ಎಂದು ಗೊತ್ತಾಗುವ ತನಕ ‘ಹತ್ತಿರ’ ಅನ್ನುವ ಮಾತಿಗೇ ಅರ್ಥವಿಲ್ಲ.

ಮೊದಲು ಟರ್ಮಿನಲ್ ಹೆಸರು

ಒಂದು, ಹಾರ್ಬರ್‌ಫ್ರಂಟ್‌ನಲ್ಲಿರುವ ಸಿಂಗಪುರ ಕ್ರೂಸ್ ಸೆಂಟರ್. ವಿಳಾಸ 1, ಮ್ಯಾರಿಟೈಮ್ ಸ್ಕ್ವೇರ್. ಪಕ್ಕದಲ್ಲೇ ವಿವೋಸಿಟಿ ಮಾಲ್, ಕೆಳಗೆ ಹಾರ್ಬರ್‌ಫ್ರಂಟ್ ಮೆಟ್ರೊ ನಿಲ್ದಾಣ. ಇಂಡೊನೇಷ್ಯಾದ ಬಾಟಮ್ ದ್ವೀಪದ ಫೆರಿಗಳೂ ಇಲ್ಲಿಂದಲೇ ಹೊರಡುತ್ತವೆ.

ಎರಡು, 2012ರಲ್ಲಿ ಶುರುವಾದ ಮರೀನಾ ಬೇ ಕ್ರೂಸ್ ಸೆಂಟರ್. ವಿಳಾಸ 61, ಮರೀನಾ ಕೋಸ್ಟಲ್ ಡ್ರೈವ್. ಹಾರ್ಬರ್‌ಫ್ರಂಟ್ ಎದುರಿನ ನೀರಿನ ಮೇಲೆ ಸೆಂಟೋಸಾ ದ್ವೀಪಕ್ಕೆ ಹೋಗುವ ಕೇಬಲ್ ಕಾರ್ ತಂತಿ ಹಾದುಹೋಗುತ್ತದೆ, ಹಾಗಾಗಿ ತೀರಾ ಎತ್ತರದ ಹಡಗುಗಳು ಅಲ್ಲಿಗೆ ಬರುವಂತಿಲ್ಲ. ರಾಯಲ್ ಕೆರಿಬಿಯನ್ ಕ್ರೂಸ್ ಕಂಪನಿಯ ದೈತ್ಯ ಹಡಗುಗಳು ಮರೀನಾ ಬೇಯಲ್ಲೇ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ಇದೇ ಹೆಸರಿನ ನೆರಳಿನಲ್ಲಿ ಇನ್ನೆರಡು ಜಾಗಗಳಿವೆ, ಜನ ದಾರಿ ತಪ್ಪುವುದು ಇಲ್ಲೇ. ಮರೀನಾ ಸೌತ್ ಪಿಯರ್ ಎಂಬುದು ಕುಸು, ಸೇಂಟ್ ಜಾನ್ಸ್ ದ್ವೀಪಗಳಿಗೆ ಹೋಗುವ ಸಣ್ಣ ದೋಣಿಗಳ ಕಟ್ಟೆ. ವಿಮಾನ ನಿಲ್ದಾಣದ ಕಡೆ ಇರುವ ತನಾ ಮೆರಾ ಫೆರಿ ಟರ್ಮಿನಲ್ ಬಿಂಟಾನ್ ದ್ವೀಪಕ್ಕೆ ಹೋಗುವವರದು. ಟ್ಯಾಕ್ಸಿಯವರಿಗೆ ಬರೀ ‘ಕ್ರೂಸ್ ಸೆಂಟರ್’ ಅಂದರೆ ನಾಲ್ಕರಲ್ಲಿ ಎಲ್ಲಿಗಾದರೂ ಕರೆದುಕೊಂಡು ಹೋಗಬಹುದು, ತಪ್ಪು ಅವರದಲ್ಲ. ಪೂರ್ತಿ ಹೆಸರು ಮತ್ತು ಬೀದಿಯ ವಿಳಾಸವನ್ನು ಫೋನಿನಲ್ಲಿ ಬರೆದಿಟ್ಟುಕೊಂಡು ತೋರಿಸಿ.

ಟರ್ಮಿನಲ್ ಹೆಸರು ಕ್ರೂಸ್ ಕಂಪನಿಯ ಇ-ಟಿಕೆಟ್ ಅಥವಾ ಬೋರ್ಡಿಂಗ್ ಪಾಸಿನಲ್ಲಿರುತ್ತದೆ. ಟ್ರಾವೆಲ್ ಏಜೆಂಟರು ಕಳಿಸುವ ಪ್ಯಾಕೇಜ್ ಹಾಳೆಯಲ್ಲಿ ಹಲವು ಸಲ ‘ಸಿಂಗಪುರ ಪೋರ್ಟ್’ ಅಂತಷ್ಟೇ ಇರುತ್ತದೆ, ಅದನ್ನು ನಂಬಿ ಹೋಟೆಲ್ ಹಿಡಿಯಬೇಡಿ. ಹೊರಡುವ ವಾರ ಇನ್ನೊಮ್ಮೆ ನೋಡಿ.

ಯಾವ ತಾರೀಖಿಗೆ ರೂಮ್?

ಬೆಂಗಳೂರಿನಿಂದ ವಿಮಾನದ ಹಾದಿ ಸುಮಾರು ನಾಲ್ಕೂವರೆ ಗಂಟೆ, ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ರಾತ್ರಿ 11ಕ್ಕೆ ಹೊರಟರೆ ಅಲ್ಲಿ ಬೆಳಿಗ್ಗೆ 6ಕ್ಕೆ ಇಳಿಯುತ್ತೀರಿ. ಹಡಗು ಸಂಜೆ ತಾನೇ, ಹೋಟೆಲ್ ಯಾಕೆ ಅನ್ನಿಸುತ್ತದೆ. ಆದರೆ ವಿಮಾನ ಐದಾರು ಗಂಟೆ ತಡವಾದರೆ ಹಡಗು ನಿಮಗಾಗಿ ಕಾಯುವುದಿಲ್ಲ. ಹತ್ತುವ ಬಾಗಿಲು ಹಡಗು ಹೊರಡುವುದಕ್ಕೆ ಒಂದು-ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ಸೂಟ್‌ಕೇಸ್ ಹಿಂದೆ ಉಳಿದು ಮರುದಿನದ ವಿಮಾನದಲ್ಲಿ ಬಂದರೂ ಅಷ್ಟೇ, ಆಗ ನೀವು ಸಮುದ್ರದ ಮಧ್ಯೆ ಇರುತ್ತೀರಿ. ಒಂದು ದಿನ ಮೊದಲು ಹೋಗಿ ತಂಗಬೇಕು ಅನ್ನುವುದು ಇದಕ್ಕೇ. ಬಜೆಟ್ ಬಿಗಿಯಿದ್ದರೆ ಹಡಗಿನಲ್ಲಿ ಬಾಲ್ಕನಿ ಕ್ಯಾಬಿನ್ ಬಿಡಿ, ಈ ರಾತ್ರಿಯನ್ನು ಬಿಡಬೇಡಿ.

ಬೆಳಿಗ್ಗೆ 6ಕ್ಕೆ ಇಳಿದವರಿಗೆ ಬೇರೆ ಸಮಸ್ಯೆ. ಹೋಟೆಲ್‌ಗಳ ಚೆಕ್-ಇನ್ ಮಧ್ಯಾಹ್ನ 2 ಅಥವಾ 3ಕ್ಕೆ. ಲಗೇಜ್ ಇಟ್ಟುಕೊಳ್ಳುತ್ತಾರೆ, ರೂಮ್ ಕೊಡುವುದಿಲ್ಲ. ನಿದ್ದೆಗೆಟ್ಟ ವಯಸ್ಸಾದವರು, ಅಳುವ ಮಗು ಜೊತೆಗಿದ್ದರೆ ಎಂಟು ಗಂಟೆ ಲಾಬಿಯಲ್ಲಿ ಕೂರುವುದು ಶಿಕ್ಷೆ. ಸಿಕ್ಕರೆ ಬೆಂಗಳೂರಿನಿಂದ ಹಗಲು ವಿಮಾನ ಹಿಡಿಯಿರಿ, ಸಂಜೆ ಇಳಿದು ಸೀದಾ ರೂಮಿಗೆ ಹೋಗಬಹುದು. ಇಲ್ಲವಾದರೆ ಅರ್ಲಿ ಚೆಕ್-ಇನ್‌ಗೆ ಎಷ್ಟು ಕೇಳುತ್ತಾರೆ ಎಂದು ಬುಕಿಂಗ್‌ಗೆ ಮೊದಲೇ ಇಮೇಲ್‌ನಲ್ಲಿ ಕೇಳಿ. ಅದು ಒಂದು ರಾತ್ರಿಯ ದರದ ಅರ್ಧ ದಾಟಿದರೆ ಹಿಂದಿನ ರಾತ್ರಿಯನ್ನೇ ಕೊಳ್ಳುವುದು ಮೇಲು. ಬಂದ ಗಳಿಗೆಯಲ್ಲಿ ರೂಮ್ ಸಿಗುವುದು ಆಗ ಖಾತ್ರಿ.

ಮಧ್ಯರಾತ್ರಿ ದಾಟಿ ಇಳಿಯುವವರು ತಾರೀಖಿನಲ್ಲಿ ಹುಷಾರಾಗಿರಿ. 15ರಂದು ರಾತ್ರಿ 12:40ಕ್ಕೆ ಇಳಿಯುವುದಾದರೆ ನಿಮಗೆ ಬೇಕಾದದ್ದು 14ನೇ ತಾರೀಖಿನ ರೂಮ್. ಜೊತೆಗೆ ‘ರಾತ್ರಿ 2ರ ಸುಮಾರಿಗೆ ಬರುತ್ತೇವೆ’ ಎಂದು ಹೋಟೆಲಿಗೆ ಬರೆದು ಹಾಕಿ. ಹೇಳದಿದ್ದರೆ ನೀವು ಬರಲೇ ಇಲ್ಲ ಎಂದು ಬುಕಿಂಗ್ ರದ್ದಾಗಬಹುದು, ದುಡ್ಡೂ ಹೋಗುತ್ತದೆ. ಆ ಹೊತ್ತಿಗೆ ಮೆಟ್ರೊ ನಿಂತಿರುತ್ತದೆ. ಟ್ಯಾಕ್ಸಿ ಮೀಟರಿಗೆ ಮಧ್ಯರಾತ್ರಿಯಿಂದ ಬೆಳಿಗ್ಗೆ 6ರವರೆಗೆ ಶೇ 50 ಹೆಚ್ಚುವರಿ ಇರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಯಾವ ಏರಿಯಾ?

ಸಿಂಗಪುರದಲ್ಲಿ ಕಿಲೋಮೀಟರ್ ಅಳೆಯಬೇಡಿ, ಮೆಟ್ರೊ ಲೈನ್ ನೋಡಿ. ಬೆಂಗಳೂರಿನಂತೆ ಅಲ್ಲೂ ಬಣ್ಣದಲ್ಲೇ ಗುರುತು.

ಹಾರ್ಬರ್‌ಫ್ರಂಟ್ ನೇರಳೆ ಲೈನಿನ ತುದಿಯ ನಿಲ್ದಾಣ. ಲಿಟಲ್ ಇಂಡಿಯಾದಲ್ಲಿ ಹತ್ತಿದರೆ ಐದನೆಯದೇ ಹಾರ್ಬರ್‌ಫ್ರಂಟ್, ಎಲ್ಲೂ ಬದಲಿಸಬೇಕಿಲ್ಲ. ಹಡಗು ಅಲ್ಲಿಂದ ಹೊರಡುವುದಾದರೆ, ಅದರಲ್ಲೂ ಮನೆಮಂದಿ ಸಸ್ಯಾಹಾರಿಗಳಾದರೆ, ಲಿಟಲ್ ಇಂಡಿಯಾ ಅಥವಾ ಅದರ ಮುಂದಿನ ಫ್ಯಾರರ್ ಪಾರ್ಕ್ ನನ್ನ ಮೊದಲ ಆಯ್ಕೆ. ಸೆರಂಗೂನ್ ರಸ್ತೆಯಲ್ಲಿ 1947ರಿಂದ ಇರುವ ಕೋಮಲಾ ವಿಲಾಸ್ ಇದೆ, ಇಡ್ಲಿ-ದೋಸೆಗೆ ಬೇರೆಲ್ಲೂ ಅಲೆಯಬೇಕಿಲ್ಲ. ಮುಸ್ತಫಾ ಸೆಂಟರ್ ತಡರಾತ್ರಿವರೆಗೂ ತೆರೆದಿರುತ್ತದೆ. ಮಾತ್ರೆ, ಅಡಾಪ್ಟರ್, ಮಗುವಿನ ಡೈಪರ್, ಮರೆತದ್ದೆಲ್ಲ ಅಲ್ಲಿ ಸಿಗುತ್ತದೆ.

ಹಡಗು ಮರೀನಾ ಬೇಯಲ್ಲಾದರೆ ಲಿಟಲ್ ಇಂಡಿಯಾದ ಅನುಕೂಲ ಸ್ವಲ್ಪ ಕುಗ್ಗುತ್ತದೆ. ದೋಬಿ ಘಾಟ್‌ನಲ್ಲಿ ಇಳಿದು, ಉದ್ದನೆಯ ಸುರಂಗದಾರಿಯಲ್ಲಿ ನಡೆದು, ಕೆಂಪು ಲೈನ್ ಹಿಡಿದು, ಕೊನೆಯ ನಿಲ್ದಾಣ ಮರೀನಾ ಸೌತ್ ಪಿಯರ್‌ನಲ್ಲಿ ಇಳಿಯಬೇಕು. ಅಲ್ಲಿಂದ ಟರ್ಮಿನಲ್‌ಗೆ ಇನ್ನೂ ಹತ್ತು ನಿಮಿಷ ನಡಿಗೆ. ಕೈಯಲ್ಲಿ ಒಂದೊಂದು ಟ್ರಾಲಿ ಇದ್ದರೆ ಪರವಾಗಿಲ್ಲ. ದೊಡ್ಡ ಸೂಟ್‌ಕೇಸ್ ಇದ್ದವರು, ಮಳೆಗೆ ಸಿಕ್ಕವರು ಟ್ಯಾಕ್ಸಿ ಮಾಡುವುದೇ ಸರಿ. ಮ್ಯಾಪ್ ಏನೇ ತೋರಿಸಲಿ, ಮರೀನಾ ಬೇ ಟರ್ಮಿನಲ್‌ಗೆ ಲಗೇಜ್ ಎಳೆದುಕೊಂಡು ನಡೆದು ಹೋಗುವಷ್ಟು ಹತ್ತಿರದಲ್ಲಿ ಹೋಟೆಲ್ ಇಲ್ಲ. ಹಾಗಾಗಿ ‘ಟರ್ಮಿನಲ್ ಪಕ್ಕ’ ಎಂದು ಮರೀನಾ ಬೇಯ ಗಗನಚುಂಬಿ ಹೋಟೆಲಿಗೆ ಎರಡು ಮೂರು ಪಟ್ಟು ದುಡ್ಡು ಸುರಿಯುವುದರಲ್ಲಿ ಅರ್ಥವಿಲ್ಲ. ಅಲ್ಲಿಂದಲೂ ಟ್ಯಾಕ್ಸಿಯೇ ಗತಿ. ನೋಟಕ್ಕಾಗಿ, ಈಜುಕೊಳಕ್ಕಾಗಿ ಹೋಗುವುದಾದರೆ ಅದು ಬೇರೆ ಮಾತು.

ಎರಡೂ ಟರ್ಮಿನಲ್‌ಗೆ ಒಗ್ಗುವ ಜಾಗ ಔಟ್ರಮ್ ಪಾರ್ಕ್ ಮತ್ತು ಚೈನಾಟೌನ್ ಸುತ್ತಮುತ್ತ. ಚಾಂಗಿ ವಿಮಾನ ನಿಲ್ದಾಣದಿಂದ ಬರುವಾಗ ತನಾ ಮೆರಾ ಮೆಟ್ರೊ ನಿಲ್ದಾಣದಲ್ಲಿ ಒಮ್ಮೆ ಬದಲಿಸಿದರೆ ಹಸಿರು ಲೈನ್ ಸೀದಾ ಔಟ್ರಮ್ ಪಾರ್ಕ್‌ಗೆ ತರುತ್ತದೆ, ಒಟ್ಟು ಮುಕ್ಕಾಲು ಗಂಟೆಯ ದಾರಿ. ಮರುದಿನ ನೇರಳೆ ಲೈನಿನಲ್ಲಿ ಮುಂದಿನ ನಿಲ್ದಾಣವೇ ಹಾರ್ಬರ್‌ಫ್ರಂಟ್. ಮರೀನಾ ಬೇ ಟರ್ಮಿನಲ್ ಆದರೆ ಟ್ಯಾಕ್ಸಿಗೆ ಹತ್ತು-ಹದಿನೈದು ನಿಮಿಷ. ಏಜೆಂಟರು ಟರ್ಮಿನಲ್ ಹೆಸರು ಹೇಳಲು ಸತಾಯಿಸುತ್ತಿದ್ದು, ಹೋಟೆಲ್ ದರ ಏರುತ್ತಿದ್ದರೆ ಕಣ್ಣು ಮುಚ್ಚಿ ಇಲ್ಲಿ ಹಿಡಿಯಿರಿ.

ಹಿಂದಿನ ದಿನ ಸೆಂಟೋಸಾದಲ್ಲಿರುವ ಯೂನಿವರ್ಸಲ್ ಸ್ಟುಡಿಯೋಸ್ ಥೀಮ್ ಪಾರ್ಕ್‌ಗೆ ಹೋಗುವ ಯೋಚನೆಯಿದ್ದು, ಹಡಗೂ ಹಾರ್ಬರ್‌ಫ್ರಂಟಿನದಾದರೆ ಸೆಂಟೋಸಾದಲ್ಲಿ ತಂಗಬಹುದು. ದುಬಾರಿ, ಆದರೆ ಬೆಳಿಗ್ಗೆ ಮೋನೊರೈಲ್ ಹತ್ತಿದರೆ ವಿವೋಸಿಟಿ ಮಾಲಿನೊಳಗೇ ಇಳಿಸುತ್ತದೆ, ದ್ವೀಪದಿಂದ ಹೊರಬರುವ ದಿಕ್ಕಿಗೆ ಟಿಕೆಟ್ ಬೇಕಿಲ್ಲ. ಇನ್ನು ಗೇಲಾಂಗ್: ದರದ ಪಟ್ಟಿಯಲ್ಲಿ ಅಗ್ಗವಾಗಿ ಮೇಲೆ ಬರುವ ಹೋಟೆಲ್‌ಗಳಲ್ಲಿ ಬಹಳಷ್ಟು ಅಲ್ಲಿನವು. ಅದು ನಗರದ ಕೆಂಪುದೀಪ ಪ್ರದೇಶ, ಮಕ್ಕಳೊಂದಿಗೆ ಹೋಗುವವರಿಗೆ ಹೊಂದುವುದಿಲ್ಲ.

ರೂಮಿನ ವಿವರದಲ್ಲಿ ಏನು ನೋಡಬೇಕು

ಸಿಂಗಪುರದ ಮಧ್ಯಮ ದರದ ರೂಮುಗಳು ನಮ್ಮ ಊರಿನ ಲೆಕ್ಕಕ್ಕೆ ತೀರಾ ಚಿಕ್ಕವು. 10-12 ಚದರ ಮೀಟರ್ ಎಂದಿದ್ದರೆ ಮಂಚದ ಸುತ್ತ ಒಬ್ಬರು ಅಡ್ಡಡ್ಡ ನಡೆಯುವಷ್ಟು ಜಾಗ. ಎರಡು ದೊಡ್ಡ ಸೂಟ್‌ಕೇಸ್ ಒಟ್ಟಿಗೆ ತೆರೆಯಲಾಗದು, ಒಂದನ್ನು ಮಂಚದ ಮೇಲಿಟ್ಟು ಇನ್ನೊಂದನ್ನು ಬಾಗಿಲಿಗೆ ಅಡ್ಡವಾಗಿ ಬಿಚ್ಚಬೇಕು. ಕ್ರೂಸ್‌ಗೆ ಹೋಗುವವರು ಸಾಮಾನನ್ನು ಮತ್ತೆ ಜೋಡಿಸಿಕೊಳ್ಳುವುದು ಈ ರಾತ್ರಿಯೇ ಆದ್ದರಿಂದ ಕನಿಷ್ಠ 18 ಚದರ ಮೀಟರ್ ಹುಡುಕಿ.

ಲಿಟಲ್ ಇಂಡಿಯಾ, ಚೈನಾಟೌನ್‌ಗಳಲ್ಲಿ ಹಳೆಯ ಅಂಗಡಿ-ಮನೆಗಳನ್ನೇ ಹೋಟೆಲ್ ಮಾಡಿದ್ದಾರೆ. ಹೊರಗಿನಿಂದ ಬಣ್ಣದ ಕಿಟಕಿಗಳು ಚೆಂದ, ಒಳಗೆ ಎಷ್ಟೋ ರೂಮುಗಳಿಗೆ ಕಿಟಕಿಯೇ ಇಲ್ಲ. ವಿವರದಲ್ಲಿ ‘ನೋ ವಿಂಡೋ’ ಎಂಬ ಎರಡು ಪದ ಎಲ್ಲೋ ಕೆಳಗೆ ಸಣ್ಣಗೆ ಇರುತ್ತದೆ, ಓದಿ. ಲಿಫ್ಟ್ ಇದೆಯೇ ಎಂಬುದನ್ನೂ ಕೇಳಿ. ಮಂಡಿನೋವಿರುವ ಅಮ್ಮನನ್ನು ಕಡಿದಾದ ಮರದ ಮೆಟ್ಟಿಲಲ್ಲಿ ಮೂರನೇ ಮಹಡಿಗೆ ಹತ್ತಿಸುವುದು ಪ್ರಯಾಣದ ಮೊದಲ ದಿನಕ್ಕೆ ಬೇಡದ ಕಷ್ಟ.

ಎಷ್ಟು ಜನ ಎಂಬುದರಲ್ಲಿ ಮಕ್ಕಳನ್ನು ಬಿಡದೆ ನಮೂದಿಸಿ. ‘ಇಬ್ಬರು’ ಎಂದು ಬುಕ್ ಮಾಡಿ ನಾಲ್ವರು ಹೋಗಿ ನಿಂತರೆ, ಅಲ್ಲಿ ಹೊಂದಿಸಿಕೊಳ್ಳುವುದಿಲ್ಲ. ಇನ್ನೊಂದು ರೂಮ್ ಅಂದಿನ ದರದಲ್ಲಿ ಕೊಳ್ಳಬೇಕಾಗುತ್ತದೆ.

ಇಸ್ತ್ರಿಪೆಟ್ಟಿಗೆ ಇದೆಯೇ ನೋಡಿ. ಇಸ್ತ್ರಿಪೆಟ್ಟಿಗೆ, ಕೆಟಲ್, ರೈಸ್ ಕುಕ್ಕರ್ ಇವನ್ನೆಲ್ಲ ಬೆಂಕಿಯ ಭಯಕ್ಕೆ ಹಡಗಿನೊಳಗೆ ಬಿಡುವುದಿಲ್ಲ. ಹಡಗಿನ ಡಿನ್ನರ್‌ಗೆಂದು ಇಟ್ಟ ಸೀರೆ, ಶರ್ಟು ಇಲ್ಲೇ ಇಸ್ತ್ರಿಯಾಗಬೇಕು. ಸಿಂಗಪುರದ ಪ್ಲಗ್ಗಿಗೆ ಮೂರು ಚಪ್ಪಟೆ ಕಡ್ಡಿ, ವೋಲ್ಟೇಜ್ ನಮ್ಮದೇ 230.

ದರದ ಪಕ್ಕದ ಎರಡು ಪ್ಲಸ್

ಹೋಟೆಲಿನ ಸ್ವಂತ ಜಾಲತಾಣದಲ್ಲಿ ದರದ ಮುಂದೆ ‘++’ ಇದ್ದರೆ ಅದರ ಮೇಲೆ ಶೇ 10 ಸೇವಾ ಶುಲ್ಕ, ಆ ಮೊತ್ತದ ಮೇಲೆ ಶೇ 9 ಜಿಎಸ್‌ಟಿ. 200 ಸಿಂಗಪುರ ಡಾಲರ್ ಎಂದು ಕಂಡದ್ದು 220 ಆಗಿ, ಕೊನೆಗೆ 239.80ಕ್ಕೆ ನಿಲ್ಲುತ್ತದೆ. ಇನ್ನೊಂದು ತಾಣದಲ್ಲಿ 230 ಎಂದು ತೆರಿಗೆ ಸೇರಿಸಿ ತೋರಿಸಿದ್ದರೆ ಅದೇ ಅಗ್ಗ. ಕೊನೆಯ ಮೊತ್ತವನ್ನು ಕೊನೆಯ ಮೊತ್ತದ ಜೊತೆಗೇ ಹೋಲಿಸಿ.

ಚೆಕ್-ಇನ್ ವೇಳೆ ಠೇವಣಿ ಎಂದು ಕಾರ್ಡಿನಲ್ಲಿ ಒಂದಷ್ಟು ಹಣ ತಡೆಹಿಡಿಯುವುದು ಅಲ್ಲಿ ಮಾಮೂಲು. ಇದಕ್ಕೆ ಕ್ರೆಡಿಟ್ ಕಾರ್ಡ್ ಕೊಡಿ. ಫಾರೆಕ್ಸ್ ಅಥವಾ ಡೆಬಿಟ್ ಕಾರ್ಡ್ ಕೊಟ್ಟರೆ ಆ ಹಣ ಬಿಡುಗಡೆಯಾಗಲು ಎಷ್ಟೋ ದಿನ ಹಿಡಿಯುತ್ತದೆ, ಕ್ರೂಸ್‌ನ ಖರ್ಚಿಗೆ ಇಟ್ಟದ್ದು ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಫಾರ್ಮುಲಾ ಒನ್ ರೇಸಿನ ವಾರಾಂತ್ಯದಲ್ಲಿ ಮರೀನಾ ಬೇ ರಸ್ತೆಗಳೇ ರೇಸ್ ಟ್ರ್ಯಾಕ್ ಆಗುತ್ತವೆ, ದರ ಗಗನಕ್ಕೇರುತ್ತದೆ, ಟ್ಯಾಕ್ಸಿ ಸುತ್ತು ಬಳಸಿ ಹೋಗಬೇಕು. ಆಗಸ್ಟ್ 9ರ ರಾಷ್ಟ್ರೀಯ ದಿನ, ಡಿಸೆಂಬರ್ 31ರ ರಾತ್ರಿಯೂ ಆ ಭಾಗದ ರಸ್ತೆಗಳು ಮುಚ್ಚಿರಬಹುದು. ಆ ದಿನಗಳಲ್ಲಿ ಮರೀನಾ ಬೇಯಿಂದ ದೂರವಿರಿ.

ಹತ್ತುವ ದಿನ

ಹೋಟೆಲ್ ಚೆಕ್-ಔಟ್ 11 ಅಥವಾ 12ಕ್ಕೆ. ಹಡಗಿನ ಬೋರ್ಡಿಂಗ್ ಸಮಯ ಆನ್‌ಲೈನ್ ಚೆಕ್-ಇನ್‌ನಲ್ಲಿ ನೀವೇ ಆರಿಸಿಕೊಳ್ಳುವಂತಿದ್ದರೆ 12ರಿಂದ 1ರ ನಡುವಿನದು ಹಿಡಿಯಿರಿ. ಅದಕ್ಕಿಂತ ತಡವಾದದ್ದು ಸಿಕ್ಕರೆ ಲಗೇಜನ್ನು ಹೋಟೆಲಿನಲ್ಲೇ ಬಿಟ್ಟು ತಿರುಗಾಡಿ ಬನ್ನಿ. ಲಗೇಜ್ ಟ್ಯಾಗ್‌ಗಳನ್ನು ಊರಿನಲ್ಲೇ ಪ್ರಿಂಟ್ ಮಾಡಿಕೊಂಡು, ಮಡಚಿ, ಹಿಡಿಕೆಗೆ ಸುತ್ತಿ ಗಟ್ಟಿಯಾಗಿ ಸ್ಟೇಪಲ್ ಹೊಡೆಯಿರಿ. ಟರ್ಮಿನಲ್‌ನಲ್ಲಿ ಪೋರ್ಟರಿಗೆ ಕೊಟ್ಟ ಸೂಟ್‌ಕೇಸ್ ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾದೀತು. ಪಾಸ್‌ಪೋರ್ಟ್, ಮಾತ್ರೆ, ಮಕ್ಕಳ ಈಜುಡುಗೆ ಕೈಚೀಲದಲ್ಲಿರಲಿ.

ಸಾಮಾನ್ಯ ಟ್ಯಾಕ್ಸಿಯಲ್ಲಿ ನಾಲ್ವರು ಕೂರಬಹುದು, ಡಿಕ್ಕಿಗೆ ದೊಡ್ಡ ಸೂಟ್‌ಕೇಸ್ ಹಿಡಿಯುವುದು ಎರಡೇ. ನಾಲ್ಕು ಜನ, ನಾಲ್ಕು ಸೂಟ್‌ಕೇಸ್ ಎಂದಾದರೆ ಆರು ಸೀಟಿನ ಗಾಡಿಯನ್ನು ಹಿಂದಿನ ರಾತ್ರಿಯೇ ಹೇಳಿಡಿ. 1.35 ಮೀಟರಿಗಿಂತ ಕುಳ್ಳಗಿರುವ ಮಗುವಿದ್ದರೆ ಆ್ಯಪ್‌ನಲ್ಲಿ ಕರೆಸುವ ಖಾಸಗಿ ಕಾರಿಗೆ ಚೈಲ್ಡ್ ಸೀಟ್ ಕಡ್ಡಾಯ, ಇಲ್ಲದಿದ್ದರೆ ಡ್ರೈವರ್ ಹತ್ತಿಸಿಕೊಳ್ಳುವುದಿಲ್ಲ. ಮೀಟರ್ ಟ್ಯಾಕ್ಸಿಗೆ ಈ ನಿಯಮದಿಂದ ವಿನಾಯಿತಿ ಇದೆ. ಮೆಟ್ರೊದಲ್ಲಿ ನಮ್ಮ ಕಾಂಟ್ಯಾಕ್ಟ್‌ಲೆಸ್ ವೀಸಾ, ಮಾಸ್ಟರ್‌ಕಾರ್ಡ್‌ಗಳು ನಡೆಯುತ್ತವೆ, ಆದರೆ ಒಬ್ಬರಿಗೆ ಒಂದು ಕಾರ್ಡ್. ಒಂದೇ ಕಾರ್ಡನ್ನು ಗಂಡ-ಹೆಂಡತಿ ಇಬ್ಬರೂ ಗೇಟಿಗೆ ತಾಗಿಸಲಾಗದು.

ಮರಳಿ ಬರುವಾಗ

ಹಡಗು ಸಿಂಗಪುರಕ್ಕೆ ವಾಪಸ್ ಬಂದಾಗ ನೀವು ಆ ದೇಶವನ್ನು ಎರಡನೇ ಸಲ ಪ್ರವೇಶಿಸುತ್ತೀರಿ. ವೀಸಾ ಹಾಳೆಯಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಇರುವುದನ್ನು ಹೊರಡುವ ಮೊದಲೇ ನೋಡಿಕೊಳ್ಳಿ. ಸಿಂಗಪುರಕ್ಕೆ ಬರುವವರು ಆನ್‌ಲೈನ್‌ನಲ್ಲಿ ತುಂಬುವ ಪ್ರವೇಶ ಅರ್ಜಿ, ಎಸ್‌ಜಿ ಅರೈವಲ್ ಕಾರ್ಡ್ ಕೂಡ ಎರಡು ಸಲ ತುಂಬಬೇಕು, ವಿಮಾನಕ್ಕೆ ಒಮ್ಮೆ, ಹಡಗಿನಿಂದ ಇಳಿಯುವುದಕ್ಕೆ ಇನ್ನೊಮ್ಮೆ, ಪ್ರತಿ ಸಲವೂ ಬರುವ ದಿನ ಸೇರಿ ಮೂರು ದಿನದೊಳಗೆ. ಅದರಲ್ಲಿ ತಂಗುವ ಜಾಗ ಕೇಳುತ್ತಾರೆ, ಹೋಟೆಲ್ ವಿಳಾಸ ಫೋನಿನಲ್ಲಿರಲಿ. ಸರ್ಕಾರಿ ತಾಣದಲ್ಲಿ ಇದು ಉಚಿತ, ದುಡ್ಡು ಕೇಳಿದರೆ ಅದು ಬೇರೆಯವರ ತಾಣ.

ಬೆಳಿಗ್ಗೆ ಹಡಗಿನಿಂದ ಇಳಿದು ರಾತ್ರಿ ವಿಮಾನ ಹಿಡಿಯುವವರು ಮೊದಲ ಹೋಟೆಲನ್ನೇ ಮತ್ತೆ ಬಳಸಿಕೊಳ್ಳಬಹುದು. ಚೆಕ್-ಔಟ್ ಆಗುವಾಗ ಹೆಚ್ಚಿನ ಸೂಟ್‌ಕೇಸನ್ನು ಕ್ರೂಸ್ ಮುಗಿಯುವವರೆಗೆ ಇಟ್ಟುಕೊಳ್ಳುತ್ತೀರಾ ಎಂದು ಕೇಳಿ. ಒಪ್ಪುವವರಿದ್ದಾರೆ. ಒಪ್ಪಿದರೆ ಚೀಟಿ ಪಡೆದು, ಅದರ ಫೋಟೊ ತೆಗೆದಿಟ್ಟುಕೊಳ್ಳಿ.