ರೇಸ್ ಹುಚ್ಚಿನ ದೊಡ್ಡಪ್ಪನ ಬಗ್ಗೆ ಬರೆಯುವುದು ಹೇಗೆ

ಮನೆಯಲ್ಲಿ ಹಿರಿಯರು ಹೋದಾಗ 13ನೇ ದಿನ ಹತ್ತಿರ ಬರುತ್ತಿದ್ದ ಹಾಗೆ ಯಾರಾದರೂ ಒಬ್ಬರ ತಲೆಗೆ ಈ ಕೆಲಸ ಬೀಳುತ್ತದೆ. "ನೀನು ಚೆನ್ನಾಗಿ ಬರೀತೀಯಲ್ಲ, ಅವರ ಬಗ್ಗೆ ಏನಾದ್ರೂ ಬರಿ." ನನ್ನ ತಲೆಗೂ ಬಿತ್ತು. ದೊಡ್ಡಪ್ಪನಿಗೆ ಎಸ್‌ಪಿ ರೋಡಿನಲ್ಲಿ ಹಾರ್ಡ್‌ವೇರ್ ಅಂಗಡಿ ಇತ್ತು. ವಾರವೆಲ್ಲ ಮೊಳೆ, ಬೋಲ್ಟು, ಚಿಲಕ. ವಾರದ ಕೊನೆ ಬಂದರೆ ರೇಸ್ ಕೋರ್ಸ್. ಇಂಥವರು ನಿಮ್ಮ ಮನೆಯಲ್ಲೂ ಇದ್ದಿರಬಹುದು, ಬೆಂಗಳೂರಿನ ಪೇಟೆ ಕಡೆ ಇವರಿಗೆ ಬರವಿಲ್ಲ. ನಾನು ಎಡವಿ ಕಲಿತದ್ದನ್ನು ಹೇಳುತ್ತೇನೆ.

ಮೊದಲು ರೆಡಿಮೇಡ್ ಮಾತು ಬಿಡಿ. ಅಜಾತಶತ್ರು, ಕೊಡುಗೈ ದಾನಿ, ತುಂಬಲಾರದ ನಷ್ಟ, ಇವೆಲ್ಲ ಪೇಪರಿನ ಶ್ರದ್ಧಾಂಜಲಿ ಜಾಹೀರಾತಿಗೆ ಸರಿ. ಅಲ್ಲಿ ಫೋಟೋ ಚೆನ್ನಾಗಿ ಬಂದರೆ ಸಾಕು. ನಮ್ಮ ದೊಡ್ಡಪ್ಪ ಅಜಾತಶತ್ರು ಅಲ್ಲವೇ ಅಲ್ಲ. ಫುಟ್‌ಪಾತಿನಲ್ಲಿ ಪೈಪ್ ಒರಗಿಸಿಡುವ ವಿಷಯಕ್ಕೆ ಪಕ್ಕದ ಅಂಗಡಿಯವರ ಜೊತೆ 6 ವರ್ಷ ಮಾತು ಬಿಟ್ಟಿದ್ದರು. ಅದನ್ನು ಬರೆದೆ. 13ನೇ ದಿನ ಎಲ್ಲರ ಮುಂದೆ ಓದಿದಾಗ ಎಲ್ಲರಿಗಿಂತ ಜೋರಾಗಿ ನಕ್ಕಿದ್ದು ಆ ಪಕ್ಕದ ಅಂಗಡಿಯವರೇ.

ಎರಡನೆಯದು, ಕುದುರೆಯನ್ನು ಬಚ್ಚಿಡಬೇಡಿ. "ಅದೊಂದು ಬೇಡ ಬಿಡಪ್ಪಾ, ಜನ ಜೂಜು ಅಂತಾರೆ" ಅಂತ ಮನೆಯಲ್ಲಿ ಯಾರಾದರೂ ಹೇಳೇ ಹೇಳುತ್ತಾರೆ. ಕುದುರೆ ರೇಸು ಬರೀ ಅದೃಷ್ಟದ ಆಟ ಅಲ್ಲ, ಕೌಶಲದ ಆಟ ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ, ಬೇಕಾದರೆ ಅದನ್ನು ಅವರ ಮುಂದಿಡಿ. ಆದರೆ ಅದನ್ನೇ ಹಿಡಿದು ಜಾಸ್ತಿ ವಾದ ಮಾಡಬೇಡಿ. ಕೋರ್ಟು ಹೇಳಿದ್ದು ಆಟದ ಬಗ್ಗೆ, ಮನೆಯ ದುಡ್ಡಿನ ಬಗ್ಗೆ ಅಲ್ಲ. ರೇಸ್ ಬಿಟ್ಟು ಬರೆದರೆ ಉಳಿಯುವುದು ಒಬ್ಬ ಅಂಗಡಿಯವನು ಅಷ್ಟೇ, ಅಂಥವರು ಎಸ್‌ಪಿ ರೋಡಿನಲ್ಲಿ ನೂರಾರು ಜನ ಇದ್ದಾರೆ.

ಇನ್ನು ಹುಡುಕಾಟ. ಜನರನ್ನು ಕೇಳುವ ಮೊದಲು ಕಾಗದ ಹುಡುಕಿ, ಯಾಕೆಂದರೆ ಕಾಗದ ನೋಡಿದ ಮೇಲೆ ಏನು ಕೇಳಬೇಕು ಅಂತ ಗೊತ್ತಾಗುತ್ತದೆ. ಬಿಲ್ ಪುಸ್ತಕ, ಸಾಲದ ಲೆಕ್ಕ, ಹಳೇ ಕ್ಯಾಲೆಂಡರಿನ ಹಿಂದೆ ಬರೆದ ಫೋನ್ ನಂಬರು, ಯಾವುದನ್ನೂ ಸುಮ್ನೆ ರದ್ದಿಗೆ ಹಾಕಬೇಡಿ. ಮುಖ್ಯವಾಗಿ ರೇಸ್ ಬುಕ್. ಅವತ್ತಿನ ಒಂದೊಂದು ರೇಸಿನಲ್ಲೂ ಓಡುವ ಕುದುರೆ, ಅದು ಹೊರುವ ತೂಕ, ಜಾಕಿ, ಟ್ರೇನರ್, ಹಿಂದೆ ಹೇಗೆ ಓಡಿತ್ತು ಅನ್ನುವುದೆಲ್ಲ ಅದರಲ್ಲಿ ಇರುತ್ತದೆ. ದೊಡ್ಡಪ್ಪನ ಗಲ್ಲಾಪೆಟ್ಟಿಗೆಯ ಕೆಳಗೆ ಅಂಥವು ಒಂದು ಕಟ್ಟು ಸಿಕ್ಕವು. ಒಂದು ಪುಟ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನಾಲ್ಕನೇ ರೇಸಿನ ಏಳನೇ ನಂಬರಿಗೆ ಪೆನ್ಸಿಲ್ಲಿನಲ್ಲಿ ಮೂರು ಸುತ್ತು. ಅದರ ಪಕ್ಕದಲ್ಲೇ ಅದೇ ಪೆನ್ಸಿಲ್ಲಿನಲ್ಲಿ "ಒಂದೂವರೆ ಇಂಚು ಮೊಳೆ 2 ಕೆಜಿ, ಕಬ್ಬನ್‌ಪೇಟೆ ಆಚಾರಿಗೆ, ಸೋಮವಾರ". ಕೆಳಗೆ, ರೇಸ್ ಮುಗಿದ ಮೇಲೆ ಗೀಚಿದ್ದಿರಬೇಕು, ಒಂದೇ ಪದ: "ಕತ್ತೆ". ಇಂಥ ಒಂದು ಪುಟ ಸಿಕ್ಕರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಜನರನ್ನು ಕೇಳುವಾಗ "ಅವರು ಹೇಗಿದ್ದರು" ಅಂತ ಮಾತ್ರ ಕೇಳಬೇಡಿ. "ದೇವರಂಥ ಮನುಷ್ಯ" ಅಂತ ಉತ್ತರ ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಸಣ್ಣದನ್ನು ಕೇಳಿ. ರೇಸಿಗೆ ಹೇಗೆ ಹೋಗುತ್ತಿದ್ದರು, ಯಾರ ಜೊತೆ, ಎಲ್ಲಿ ನಿಲ್ಲುತ್ತಿದ್ದರು, ಸೋತ ದಿನ ಎಲ್ಲಿ ಕಾಫಿ ಕುಡಿಯುತ್ತಿದ್ದರು. ಅಂಗಡಿಯಲ್ಲಿ 20 ವರ್ಷ ಇದ್ದ ಹುಡುಗ (ಈಗ ಅವನಿಗೆ 50 ದಾಟಿದೆ, ನಮಗೆ ಇನ್ನೂ ಹುಡುಗನೇ) ಹೇಳಿದ: ಹೋಗುವಾಗ ಮೆಜೆಸ್ಟಿಕ್ ಮೇಲೆ ಆನಂದರಾವ್ ಸರ್ಕಲ್ ದಾಟಿ ನಡೆದೇ ಹೋಗುತ್ತಿದ್ದರು, ಗೆದ್ದರೆ ಆಟೋದಲ್ಲಿ ಬರುತ್ತಿದ್ದರು, ಆಟೋ ಸದ್ದು ಕೇಳಿದರೆ ನನಗೂ ಹತ್ತು ರೂಪಾಯಿ ಗ್ಯಾರಂಟಿ. ಜೊತೆಗೆ ಹೋಗುತ್ತಿದ್ದ ಸ್ನೇಹಿತರು ಇನ್ನೊಂದು ಹೇಳಿದರು. ದೊಡ್ಡಪ್ಪ ಪ್ಯಾಡಾಕಿನ (ರೇಸಿಗೆ ಮೊದಲು ಕುದುರೆಗಳನ್ನು ನಡೆಸಿ ತೋರಿಸುವ ಜಾಗ) ಕಂಬಿ ಹಿಡಿದು ನಿಂತು ಕುದುರೆ ಸುತ್ತು ಹಾಕುವುದನ್ನು ನೋಡಿದ ಮೇಲೇ ದುಡ್ಡು ತೆಗೆಯುತ್ತಿದ್ದರಂತೆ. ಓಡುವ ಮೊದಲೇ ಕುದುರೆ ಬೆವತಿದ್ದರೆ ಅದು ಫೇವರಿಟ್, ಅಂದರೆ ಜನ ಗೆಲ್ಲುತ್ತೆ ಅಂತ ಹೆಚ್ಚು ದುಡ್ಡು ಕಟ್ಟಿದ ಕುದುರೆ, ಆದರೂ ಕಟ್ಟುತ್ತಿರಲಿಲ್ಲ. ಅಂಗಡಿಯಲ್ಲೂ ಹಾಗೇ ಅಲ್ವಾ, ಬೋಲ್ಟಿನ ಥ್ರೆಡ್ಡನ್ನು ಉಗುರಿನಲ್ಲಿ ಕೆರೆದು ನೋಡದೆ ಸರಕು ಇಳಿಸಿಕೊಂಡವರಲ್ಲ.

ಇಸವಿ ನೆನಪಿಲ್ಲ ಅಂದರೆ ರೇಸಿನ ಕಾಲ ಹಿಡಿದು ಕೇಳಿ. ಬೆಂಗಳೂರಿನಲ್ಲಿ ಚಳಿಗಾಲಕ್ಕೆ ಒಂದು ಸೀಸನ್, ಬೇಸಿಗೆಗೆ ಒಂದು. ದಸರಾ ಹೊತ್ತಿಗೆ ಮೈಸೂರು. "ಚಿಕ್ಕವಳ ಮದುವೆಗೆ ಮೈಸೂರಿಂದ ಓಡಿ ಬಂದ್ರಲ್ಲ" ಅಂತ ಒಬ್ಬರು ಹೇಳಿದರೆ ತಿಂಗಳು ಸಿಕ್ಕ ಹಾಗೇ.

ಗೆದ್ದ ಕತೆಗಳನ್ನು ಮಾತ್ರ ಸ್ವಲ್ಪ ಅನುಮಾನದಿಂದ ನೋಡಿ, ಅವು ವರ್ಷಕ್ಕೊಂದು ಸೊನ್ನೆ ಜಾಸ್ತಿ ಮಾಡಿಕೊಳ್ಳುತ್ತವೆ. ದೊಡ್ಡಪ್ಪ ಜಾಕ್‌ಪಾಟ್ ಹೊಡೆದು ಅಂಗಡಿ ತೆಗೆದುಕೊಂಡರು ಅಂತಲೇ ನಾವೆಲ್ಲ ನಂಬಿದ್ದೆವು. ಜಾಕ್‌ಪಾಟ್ ಅಂದರೆ ಸಾಲಾಗಿ 5 ರೇಸಿನಲ್ಲಿ ಗೆಲ್ಲುವ ಕುದುರೆ ಹೇಳಬೇಕು, ಅಷ್ಟು ಸುಲಭ ಅಲ್ಲ. ಪತ್ರ ತೆಗೆದು ನೋಡಿದರೆ ಅಂಗಡಿ ಬಂದದ್ದು ಅದಕ್ಕೆ 8 ವರ್ಷ ಮೊದಲು, ಅದೂ ಸಾಲದಲ್ಲಿ. ನಿಮಗೆ ದಿನ ಗೊತ್ತಿದ್ದರೆ ಮಾರನೇ ದಿನದ ಪೇಪರಿನ ಕ್ರೀಡಾ ಪುಟ ಹುಡುಕಿ, ಯಾವ ಕುದುರೆ ಗೆದ್ದಿತು, ಎಷ್ಟು ಹಣ ಬಂತು ಅಂತ ಅದರಲ್ಲಿ ಸಿಗಬಹುದು. ಹಳೇ ಪೇಪರಿಗೆ ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಲೈಬ್ರರಿಯಲ್ಲಿ ವಿಚಾರಿಸಿ. ಕುದುರೆಗೆ ದುಡ್ಡು ಕಟ್ಟುವವರು ಬೇರೆ, ಕುದುರೆ ಸಾಕುವ ಮಾಲೀಕರು ಬೇರೆ, ಅದನ್ನೂ ಕಲಸಬೇಡಿ. "ನಮ್ಮ ಕುದುರೆ" ಅಂತ ದೊಡ್ಡಪ್ಪ ಹೇಳುತ್ತಿದ್ದುದು ಅವತ್ತು 50 ರೂಪಾಯಿ ಕಟ್ಟಿದ ಕುದುರೆಗೆ.

ಬರೆಯಲು ಕೂತಾಗ ಹುಟ್ಟಿದ ಊರಿನಿಂದ ಶುರು ಮಾಡಬೇಡಿ. ಒಂದು ಭಾನುವಾರದಿಂದ ಶುರು ಮಾಡಿ. ಊರು, ಓದು, ಮದುವೆ ಎಲ್ಲ ನಾಲ್ಕು ಸಾಲಿನಲ್ಲಿ ಮುಗಿಸಬಹುದು. ಕ್ವಿನೆಲಾ, ಫೋರ್‌ಕಾಸ್ಟ್ ಅಂತ ದುಡ್ಡು ಕಟ್ಟುವ ಬಗೆಗಳ ಪಾಠ ಮಾಡಲು ಹೋಗಬೇಡಿ, ಕತೆಗೆ ಬೇಕಾದ ಒಂದೆರಡು ಪದ ಬಿಡಿಸಿ ಹೇಳಿದರೆ ಸಾಕು. ಓದಲು 5 ನಿಮಿಷ ಹಿಡಿಯುವಷ್ಟು ಇರಲಿ. ಎಲೆ ಹಾಕುವ ಮೊದಲೇ ಓದಿಬಿಡಿ, ಎಲೆ ಹಾಕಿದ ಮೇಲೆ ಯಾರೂ ಕೇಳುವುದಿಲ್ಲ.

ಸೋಲಿನ ಭಾಗ ಕಷ್ಟ. ಅದನ್ನು ಬರೆಯಬೇಕು, ಆದರೆ ಆ ಸೋಲನ್ನು ಹೊತ್ತವರನ್ನು ಕೇಳಿ ಬರೆಯಬೇಕು. ದೊಡ್ಡಪ್ಪ ಒಂದು ಸಲ ದೊಡ್ಡಮ್ಮನ ಬಳೆ ಅಡ ಇಟ್ಟು ರೇಸಿಗೆ ಹೋಗಿದ್ದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಟ್ಟವರಲ್ಲ. ಎರಡೇ ಸಾಲು ಬರೆದು, ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ಅವರೊಬ್ಬರೇ ಇದ್ದಾಗ ಓದಿ ತೋರಿಸಿದೆ. ಬೇಡ ಅಂದರೆ ಹರಿದು ಹಾಕುವುದು ಅಂತಲೇ ಹೋಗಿದ್ದೆ. ದೊಡ್ಡಮ್ಮ ಹುರುಳಿಕಾಯಿ ನಾರು ತೆಗೆಯುತ್ತಾ ಪೂರ್ತಿ ಕೇಳಿದರು.

"ಒಂದು ಬಳೆ ಅಂತ ಬರ್ದಿದೀಯ," ಅಂದರು. "ಎರಡು. ಒಂದು ಬಿಡಿಸ್ಕೊಂಡು ಬಂದ್ರು."

ತಿದ್ದಿದೆ.